ಮೇಜಿನ ಮೇಲೆ ಇಟ್ಟ ಕೆಲಸ

ಎಂಟು ಪಿನ್ನುಗಳ ಒಂದು ಟೆಲಿವಿಷನ್ ಪ್ಲಗ್. ನಾಲ್ಕು ಬಣ್ಣದ ತಂತಿಗಳನ್ನು ಸರಿಯಾದ ಪಿನ್ನುಗಳಿಗೇ ಬೆಸುಗೆ ಹಾಕಬೇಕು. ಪಕ್ಕದಲ್ಲಿ ಸೈಕಲ್ ಪಂಪಿನ ಬಿಡಿಭಾಗಗಳು. ಅವನ್ನು ಕ್ರಮ ತಪ್ಪದೆ ಜೋಡಿಸಬೇಕು. 1950ರ ದಶಕದ ಮೊದಲ ವರ್ಷಗಳಲ್ಲಿ ಲಂಡನ್ನಿಗೆ ಹತ್ತಿರದ ಎಪ್ಸಮ್ ಊರಿನ ಮ್ಯಾನರ್ ಆಸ್ಪತ್ರೆಯಲ್ಲಿ ಆಲನ್ ಕ್ಲಾರ್ಕ್ ಮತ್ತು ಬಿಯಾಟೆ ಹರ್ಮೆಲಿನ್ ಎಂಬ ಮನೋವಿಜ್ಞಾನಿಗಳು ಈ ಕೆಲಸಗಳನ್ನು ಬೆರಳೆಣಿಕೆಯ ಒಳರೋಗಿಗಳ ಮುಂದಿಟ್ಟರು. ಅವರೆಲ್ಲ ಕಡತಗಳಲ್ಲಿ ‘ಇಂಬೆಸೈಲ್’ ಎಂದು ದಾಖಲಾದವರು, ಕಲಿಸಿ ಪ್ರಯೋಜನವಿಲ್ಲ ಎಂದು ಕೈಬಿಟ್ಟವರು. ಮೊದಮೊದಲು ಕೆಲಸ ಕೆಟ್ಟಿತು, ಕೈ ತಡವರಿಸಿತು. ತಾಳ್ಮೆಯಿಂದ ಹೇಳಿಕೊಡುತ್ತ ಹೋದ ಹಾಗೆ ವೇಗ ಬಂತು, ತಪ್ಪು ಇಳಿಯಿತು. ಮೊದಲ ದಿನದ ಅಂಕಕ್ಕೂ ಕೊನೆಗೆ ಕೈಗೂಡಿದ್ದಕ್ಕೂ ಸಂಬಂಧವೇ ಇರಲಿಲ್ಲ. 1955ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಅಚ್ಚಾಯಿತು.

ಅಷ್ಟು ಸಣ್ಣ ಪ್ರಯೋಗ ಅಷ್ಟು ದೊಡ್ಡ ಸುದ್ದಿಯಾದದ್ದಕ್ಕೆ ಹಿಂದಿನ ನಲವತ್ತು ವರ್ಷಗಳ ಕಾರಣವಿತ್ತು. ಬ್ರಿಟನ್ನಿನ 1913ರ ಮೆಂಟಲ್ ಡೆಫಿಶಿಯನ್ಸಿ ಕಾಯ್ದೆ ಬೌದ್ಧಿಕ ಅಂಗವೈಕಲ್ಯ ಇರುವವರನ್ನು ನಾಲ್ಕು ದರ್ಜೆಗಳಲ್ಲಿ ವಿಂಗಡಿಸಿ, ಅವಧಿಯ ಮಿತಿಯಿಲ್ಲದೆ ಕೂಡಿಹಾಕುವ ಅಧಿಕಾರ ಕೊಟ್ಟಿತ್ತು. ಬಡವರ ಪರಿಹಾರ ಪಡೆಯುತ್ತಿದ್ದ ಅವಿವಾಹಿತ ತಾಯಂದಿರೂ ಅದರ ಬಲೆಗೆ ಬಿದ್ದರು. ಸಂಸತ್ತಿನಲ್ಲಿ ಜೋಸೈಯಾ ವೆಜ್‌ವುಡ್ ರಾತ್ರಿಯೆಲ್ಲ ನಿಂತು ವಿರೋಧಿಸಿದರೂ ಮಸೂದೆ ಭಾರೀ ಬಹುಮತದಿಂದ ಪಾಸಾಯಿತು. ಹೀಗೆ ಕೂಡಿಹಾಕಿದವರನ್ನು ಇಟ್ಟ ಊರಾಚೆಯ ‘ಕಾಲೊನಿ’ಗಳಲ್ಲಿ ಕೆಲಸಕ್ಕೇನೂ ಕೊರತೆ ಇರಲಿಲ್ಲ. ಬಟ್ಟೆ ಒಗೆಯುವುದು, ಹೊಲ ಉಳುವುದು, ಬೂಟು ಹೊಲಿಯುವುದು, ಬ್ರಷ್ಷು ಮಾಡುವುದು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು. ಒಳಗಿದ್ದವರ ದುಡಿಮೆಯಿಂದಲೇ ಸಂಸ್ಥೆಯ ಖರ್ಚು ತೂಗುತ್ತಿತ್ತು. ಅದಕ್ಕೆ ಕೂಲಿ ಎನ್ನುವಂಥದ್ದು ಇರಲಿಲ್ಲ.

ಮನೆಯಲ್ಲೇ ಉಳಿದವರಿಗೆ ‘ಆಕ್ಯುಪೇಷನ್ ಸೆಂಟರ್’ಗಳು ಬಂದವು. ಬಹುಪಾಲು ಚರ್ಚಿನ ಸಭಾಂಗಣಗಳಲ್ಲಿ ಸ್ವಯಂಸೇವಕಿಯರು ವಾರಕ್ಕೆ ಕೆಲವು ದಿನ ನಡೆಸುತ್ತಿದ್ದ ಇವುಗಳಲ್ಲಿ ಬುಟ್ಟಿ ಹೆಣಿಗೆ, ರಗ್ಗು ನೇಯ್ಗೆ, ಹಾಡು, ಕುಣಿತ ಇದ್ದವು. ಹಣಕ್ಕೆ ಪರದಾಟ, ಜಾಗಕ್ಕೆ ಪರದಾಟ. ಆದರೂ ತಾಯಂದಿರು ಮಗನನ್ನೋ ಮಗಳನ್ನೋ ಕೈಹಿಡಿದು ಕರೆತರುತ್ತಿದ್ದರು, ಬೇರೆ ಬಾಗಿಲೇ ಇಲ್ಲವಾದ್ದರಿಂದ.

ಎಪ್ಸಮ್ ಪ್ರಯೋಗ, ಅದೇ ಕಾಲದಲ್ಲಿ ಜ್ಯಾಕ್ ಟಿಜಾರ್ಡ್ ಮತ್ತು ನೀಲ್ ಓಕಾನರ್ ನಡೆಸಿದ ಇಂಥದೇ ಅಧ್ಯಯನಗಳು, ಆಮೇಲೆ ಹಳೆಯ ಕಾನೂನನ್ನು ತೆಗೆದುಹಾಕಿದ 1959ರ ಮಾನಸಿಕ ಆರೋಗ್ಯ ಕಾಯ್ದೆ, ಇಷ್ಟೂ ಸೇರಿ ದಾರಿ ತೆರೆಯಿತು. ಸ್ಥಳೀಯ ಆಡಳಿತಗಳು ವಯಸ್ಕರ ತರಬೇತಿ ಕೇಂದ್ರಗಳನ್ನು ಕಟ್ಟತೊಡಗಿದವು. ಆದರೆ ಕೇಂದ್ರದೊಳಗಿನ ಮೇಜಿನ ಮೇಲೆ ಬಂದು ಕೂತದ್ದು ಸುತ್ತಲಿನ ಕಾರ್ಖಾನೆಗಳ ಗುತ್ತಿಗೆ ಕೆಲಸ: ಪ್ಲಾಸ್ಟಿಕ್ ಚಮಚ ಎಣಿಸಿ ಲಕೋಟೆಗೆ ತುಂಬುವುದು, ರಟ್ಟಿನ ಡಬ್ಬ ಮಡಿಚುವುದು, ಸ್ಕ್ರೂ ಪೊಟ್ಟಣ ಕಟ್ಟುವುದು. ವಾರದ ಕೈಗಾಸು ಒಂದೆರಡು ಪೌಂಡು. ಹೆಚ್ಚು ಕೊಟ್ಟರೆ ಸರ್ಕಾರದ ಭತ್ಯೆಗೆ ಕತ್ತರಿ ಬೀಳುತ್ತಿತ್ತು.

ವಿಜ್ಞಾನಿಗಳು ತೋರಿಸಿಕೊಟ್ಟದ್ದು ಇವರು ಕಲಿಯಬಲ್ಲರು ಎಂಬುದನ್ನು. ಆಡಳಿತ ಎತ್ತಿಕೊಂಡದ್ದು ಇವರು ಡಬ್ಬ ಮಡಿಚಬಲ್ಲರು ಎಂಬಷ್ಟನ್ನೇ. ತರಬೇತಿ ಎಂಬ ಹೆಸರಿನ ಕೇಂದ್ರದಲ್ಲಿ ಇಪ್ಪತ್ತು ವರ್ಷ ಕೂತರೂ ತರಬೇತಿ ಮುಗಿಯುತ್ತಿರಲಿಲ್ಲ, ಮುಗಿದರೆ ಹೋಗಲು ಇನ್ನೊಂದು ಜಾಗವೂ ಇರಲಿಲ್ಲ. ಇವರಲ್ಲಿ ಬಹಳಷ್ಟು ಮಂದಿ ಶಾಲೆಯನ್ನೇ ಕಂಡವರಲ್ಲ ಎಂಬುದನ್ನೂ ಮರೆಯಬಾರದು. ಇಂಗ್ಲೆಂಡಿನ ಪ್ರತಿ ಮಗುವಿಗೂ ಶಿಕ್ಷಣದ ಹಕ್ಕಿದೆ ಎಂದು ಕಾನೂನು ಒಪ್ಪಿದ್ದು 1970ರಲ್ಲಿ, ಅದು ಜಾರಿಗೆ ಬಂದದ್ದು 1971ರಲ್ಲಿ. ಅದಕ್ಕೆ ಮೊದಲು ‘ಶಿಕ್ಷಣಕ್ಕೆ ಯೋಗ್ಯರಲ್ಲ’ ಎಂಬ ಒಂದು ಷರಾ ಬರೆದರೆ ಶಾಲೆಯ ಬಾಗಿಲು ಮುಚ್ಚುತ್ತಿತ್ತು.

ಬೇರೆ ಬಗೆಯ ಕಾರ್ಯಾಗಾರವೊಂದು ಆಗಲೇ ಬೆಳೆಯುತ್ತಿತ್ತು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ವಿಯೆನ್ನಾದ ವೈದ್ಯ ಕಾರ್ಲ್ ಕೋನಿಗ್ 1940ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಬಳಿ ಕ್ಯಾಂಪ್‌ಹಿಲ್ ಎಂಬ ನೆಲೆ ಕಟ್ಟಿದರು. ಅದು ಅಂಗವೈಕಲ್ಯ ಇದ್ದ ಮಕ್ಕಳಿಗಾಗಿ. ಮಕ್ಕಳು ಬೆಳೆದು ದೊಡ್ಡವರಾದಾಗ ಮುಂದೇನು ಎಂಬ ಪ್ರಶ್ನೆಗೆ ಉತ್ತರವಾಗಿ 1955ರಲ್ಲಿ ಯಾರ್ಕ್‌ಶೈರಿನ ಬಯಲು ಬೆಟ್ಟಗಳ ನಡುವೆ ಬಾಟನ್ ಗ್ರಾಮ ಹುಟ್ಟಿತು. ಅಲ್ಲಿ ಬೇಕರಿ, ಮಗ್ಗ, ಬೊಂಬೆ ತಯಾರಿ, ಹೈನುಗಾರಿಕೆ; ಅಂಗವೈಕಲ್ಯ ಇದ್ದವರೂ ಇಲ್ಲದವರೂ ಒಂದೇ ಮನೆಯಲ್ಲಿ ಒಂದೇ ಊಟ. ಆ ಪರಂಪರೆ ಮುಂದೆ ಹಲವು ದೇಶಗಳಿಗೆ ಹಬ್ಬಿತು. ಬೆಂಗಳೂರಿನ ಹೊರವಲಯದಲ್ಲೂ ಕ್ಯಾಂಪ್‌ಹಿಲ್ ಹೆಸರಿನ ಸಮುದಾಯವೊಂದಿದೆ.

ಈ ಚರಿತ್ರೆಯ ಅತ್ಯಂತ ಬೆರಗಿನ ಕಾರ್ಯಾಗಾರವನ್ನು ಮಾತ್ರ ಯಾವ ವೈದ್ಯರೂ ಕಟ್ಟಲಿಲ್ಲ, ಯಾವ ಆಡಳಿತವೂ ನಡೆಸಲಿಲ್ಲ. ಸರ್ರೆ ಪ್ರಾಂತ್ಯದ ಕೇಟರ್‌ಹ್ಯಾಮಿನ ಸೇಂಟ್ ಲಾರೆನ್ಸ್ ಆಸ್ಪತ್ರೆಗೆ ಜೋಯಿ ಡೀಕನ್ ಸೇರಿದ್ದು 1928ರಲ್ಲಿ, ಎಂಟು ವರ್ಷದ ಹುಡುಗನಾಗಿ. ತೀವ್ರ ಸೆರೆಬ್ರಲ್ ಪಾಲ್ಸಿಯಿಂದಾಗಿ ಕೈಕಾಲು ಹಿಡಿತಕ್ಕೆ ಸಿಗುತ್ತಿರಲಿಲ್ಲ, ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಮಾತು ತಿಳಿಯದವನಿಗೆ ಬುದ್ಧಿಯೂ ಇಲ್ಲ ಎಂದೇ ಸುತ್ತಲಿನವರ ಎಣಿಕೆ. ಅವನ ಮಾತು ತಿಳಿಯುತ್ತಿದ್ದದ್ದು ಅಲ್ಲೇ ಇದ್ದ ಗೆಳೆಯ ಅರ್ನಿ ರಾಬರ್ಟ್ಸ್ ಒಬ್ಬನಿಗೆ. ಜೋಯಿ ಒಂದು ವಾಕ್ಯ ಹೇಳುವನು. ಅರ್ನಿ ಅದನ್ನು ಬಿಡಿಸಿ ಹೇಳುವನು. ಇನ್ನೊಬ್ಬ ಗೆಳೆಯ ಮೈಕೆಲ್ ಸ್ಯಾಂಗ್‌ಸ್ಟರ್ ಕಾಗದದ ಮೇಲೆ ಬರೆದುಕೊಳ್ಳುವನು. ಓದಲು ಬಾರದ ಟಾಮ್ ಬ್ಲ್ಯಾಕ್‌ಬರ್ನ್, ಒಂದೊಂದೇ ಅಕ್ಷರ ಹೇಳಿಸಿಕೊಂಡು ಟೈಪ್ ಮಾಡುವನು. ದಿನಕ್ಕೆ ಕೆಲವೇ ಸಾಲು. ಒಂದು ವರ್ಷಕ್ಕೂ ಮೀರಿ ದುಡಿದು ನಾಲ್ವರೂ ಜೋಯಿಯ ಆತ್ಮಕಥೆಯನ್ನು ಮುಗಿಸಿದರು. 1974ರಲ್ಲಿ ಅದು ‘ಟಂಗ್ ಟೈಡ್’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಅದರಿಂದ ಬಂದ ಹಣ ಒಂದು ಮನೆಗೆ ಕೂಡಿಬಂತು; 1979ರಲ್ಲಿ ಗೆಳೆಯರು ಆಸ್ಪತ್ರೆಯ ವಾರ್ಡು ಬಿಟ್ಟು ತಮ್ಮದೇ ಬಂಗಲೆಗೆ ಹೋದರು. ಜೋಯಿ ಅಲ್ಲಿ ಬದುಕಿದ್ದು ಎರಡೇ ವರ್ಷ.

ಸೃಜನಶೀಲತೆ, ಜೀವನ ಕೌಶಲ, ಗೆಳೆತನ, ಸಂಪಾದನೆ, ಸ್ವಂತ ಮನೆ: ಮುಂದಿನ ದಶಕಗಳ ಯೋಜನಾ ವರದಿಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆದದ್ದನ್ನು ಈ ನಾಲ್ವರು ಒಂದೇ ಮೇಜಿನ ಸುತ್ತ ಕೂತು ಮಾಡಿ ಮುಗಿಸಿದ್ದರು. ಆ ಮೇಜಿನ ಮೇಲೆ ಏನಿರಬೇಕೆಂದು ಅವರೇ ಆರಿಸಿಕೊಂಡಿದ್ದರು ಎಂಬುದೇ ಎಲ್ಲ ವ್ಯತ್ಯಾಸಕ್ಕೂ ಮೂಲ.

ಹೊರಗೆ ಗಾಳಿ ಬದಲಾಗುತ್ತಿತ್ತು. ಕಾರ್ಡಿಫಿನ ಈಲಿ ಆಸ್ಪತ್ರೆಯ ಕ್ರೌರ್ಯ 1960ರ ದಶಕದ ಕೊನೆಗೆ ಬಯಲಾಗಿತ್ತು. ಅಂಥ ಆಸ್ಪತ್ರೆಗಳಲ್ಲಿ ಆಗ ಸುಮಾರು 60,000 ಮಂದಿ ಇದ್ದರು. ಅವರಲ್ಲಿ ಅರ್ಧದಷ್ಟು ಜನರನ್ನಾದರೂ ಊರುಗಳಿಗೆ ಕರೆತರಬೇಕೆಂದು 1971ರ ಶ್ವೇತಪತ್ರ ಗುರಿ ಹಾಕಿತು. ಊರಿಗೆ ಬಂದವರಿಗೆ ಬಸ್ಸು ಹತ್ತುವುದು, ಚಿಲ್ಲರೆ ಎಣಿಸುವುದು, ಒಲೆ ಹಚ್ಚುವುದು ಗೊತ್ತಿರಬೇಕಲ್ಲ? 1977ರಲ್ಲಿ ಸರ್ಕಾರದ ಸಲಹಾ ಸಮಿತಿಯೊಂದು, ಗುತ್ತಿಗೆ ಕೆಲಸ ಕಡಿಮೆ ಮಾಡಿ ಕೇಂದ್ರಗಳನ್ನು ಕಲಿಕೆಯ ತಾಣಗಳಾಗಿಸಿ ಎಂದಿತು. ಡಬ್ಬಗಳು ಹೋಗಿ ಅಡುಗೆಮನೆಯ ಮಾದರಿಗಳು ಬಂದವು. ಇದು ಒಳ್ಳೆಯ ಬದಲಾವಣೆಯೇ. ಆದರೆ ಹಳೆಯ ರೋಗ ಇಲ್ಲಿಗೂ ಅಂಟಿಕೊಂಡಿತು: ಕೇಂದ್ರದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಚಹಾ ಮಾಡಲು ಕಲಿತವರಿಗೆ ಮನೆಯಲ್ಲಿ ಕೆಟಲ್ ಮುಟ್ಟಲು ಬಿಡುತ್ತಿರಲಿಲ್ಲ. ಸಾಮಾನ್ಯ ಬೀದಿಯ ಸಾಮಾನ್ಯ ಮನೆಯಲ್ಲೇ ಬದುಕನ್ನು ಕಲಿಯಲಿ ಎಂದು 1980ರಲ್ಲಿ ಕಿಂಗ್ಸ್ ಫಂಡ್ ಸಂಸ್ಥೆ ವಾದಿಸಿದ್ದು ಈ ಕಾರಣಕ್ಕೆ.

ಕಲಾವಿದರು ಕಾಲಿಟ್ಟದ್ದೂ 1980ರ ದಶಕದಲ್ಲೇ. ಬ್ರೈಟನ್ನಿನಲ್ಲಿ ಕ್ಯಾರೊಸೆಲ್, ಗ್ಲಾಸ್ಗೋದಲ್ಲಿ ಪ್ರಾಜೆಕ್ಟ್ ಎಬಿಲಿಟಿ, ಬ್ರ್ಯಾಡ್‌ಫರ್ಡಿನಲ್ಲಿ ಮೈಂಡ್ ದ ಗ್ಯಾಪ್ ನಾಟಕ ತಂಡ. ಆಗ್ನೇಯ ಲಂಡನ್ನಿನ ಡೆಟ್‌ಫರ್ಡಿನಲ್ಲಿ ಮಾರ್ಕ್ ವಿಲಿಯಮ್ಸ್ ಎಂಬ ಸಂಗೀತಗಾರ ಶುರುಮಾಡಿದ ಕಾರ್ಯಾಗಾರ ‘ಹಾರ್ಟ್ ಎನ್ ಸೋಲ್’ ಎಂಬ ಸಂಸ್ಥೆಯಾಗಿ ಬೆಳೆದು, ಬೌದ್ಧಿಕ ಅಂಗವೈಕಲ್ಯ ಇರುವವರೇ ಹಾಡು ಕಟ್ಟಿ ವೇದಿಕೆ ಏರುವಂತಾಯಿತು. ವೇದಿಕೆ ಸಿಕ್ಕ ಮೇಲೆ ಇನ್ನೊಂದು ಅಡ್ಡಿ ಕಣ್ಣಿಗೆ ಬಿತ್ತು. ಬ್ರೈಟನ್ನಿನ ‘ಹೆವಿ ಲೋಡ್’ ಪಂಕ್ ತಂಡದವರು ಹಾಡುತ್ತಿದ್ದಾಗ ರಾತ್ರಿ ಒಂಬತ್ತಾಗುತ್ತಿದ್ದಂತೆ ಕೇಳುಗರಲ್ಲಿ ಹಲವರು ಎದ್ದು ಹೊರಡುತ್ತಿದ್ದರು. ಬೇಸರವಾಗಿ ಅಲ್ಲ, ನೆರವಿಗೆ ಬಂದ ಸಿಬ್ಬಂದಿಯ ಪಾಳಿ ಹತ್ತಕ್ಕೆ ಮುಗಿಯುತ್ತಿತ್ತು. ತಂಡ ‘ಸ್ಟೇ ಅಪ್ ಲೇಟ್’ ಎಂಬ ಚಳವಳಿ ಹೂಡಿತು. ತಡರಾತ್ರಿಯವರೆಗೆ ಕುಣಿಯುವುದು ಹಕ್ಕು ಎಂದು ಕೇಳುವ ಸಂಸ್ಥೆಯಾಗಿ ಅದು ಇಂದಿಗೂ ಇದೆ.

ಈ ದಾರಿಯ ಇತ್ತೀಚಿನ ಮೈಲಿಗಲ್ಲು 2025ರದು. ಗ್ಲಾಸ್ಗೋದಲ್ಲಿ ನೈಜೀರಿಯಾ ಮೂಲದ ಕುಟುಂಬದಲ್ಲಿ 1966ರಲ್ಲಿ ಹುಟ್ಟಿದ ನೆನಾ ಕಾಲು ಆ ವರ್ಷದ ಬ್ರಿಟನ್ನಿನ ಟರ್ನರ್ ಕಲಾ ಪ್ರಶಸ್ತಿ ಗೆದ್ದರು. ಬೌದ್ಧಿಕ ಅಂಗವೈಕಲ್ಯ ಇರುವ ಕಲಾವಿದರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಆಕೆಯ ಮಾತು ಬಹಳ ಕಡಿಮೆ. ಬಟ್ಟೆ, ಟೇಪು, ಹಳೆಯ ವಿಡಿಯೊ ಕ್ಯಾಸೆಟ್ಟಿನ ಸುರುಳಿಗಳನ್ನು ಸುತ್ತಿ ಸುತ್ತಿ ಆಳೆತ್ತರದ ತೂಗುಶಿಲ್ಪ ಕಟ್ಟುತ್ತಾರೆ; ಕಾಗದದ ಮೇಲೆ ಸುಳಿಯಂಥ ಗೆರೆಗಳನ್ನು ಎಳೆಯುತ್ತಾರೆ. 1999ರಿಂದ ಲಂಡನ್ನಿನ ‘ಆಕ್ಷನ್‌ಸ್ಪೇಸ್’ ಸಂಸ್ಥೆ ಅವರಿಗೆ ಜಾಗ, ಸಾಮಗ್ರಿ, ಜೊತೆಗೊಬ್ಬ ಕಲಾವಿದೆಯ ನೆರವು ಕೊಡುತ್ತ ಬಂದಿದೆ. ಕಾಲು ಶತಮಾನ ತಪ್ಪದೆ ತೆರೆದಿದ್ದ ಕೋಣೆಯೊಂದರ ಫಲ ಅದು.

ಅಂಥ ಕೋಣೆಗಳೇ ಈಗ ಕಡಿಮೆಯಾಗುತ್ತಿವೆ. 2010ರ ನಂತರದ ಖರ್ಚು ಕಡಿತದಲ್ಲಿ ಸ್ಥಳೀಯ ಆಡಳಿತಗಳು ಅನೇಕ ಹಗಲು ಕೇಂದ್ರಗಳನ್ನು ಮುಚ್ಚಿದವು. ಅವುಗಳ ಬದಲು ಉದ್ಯೋಗ ಎಂಬ ಮಾತು ಬಂತು. ಆದರೆ ಇಂಗ್ಲೆಂಡಿನಲ್ಲಿ ಆಡಳಿತದ ನೆರವು ಪಡೆಯುತ್ತಿರುವ ಇಂಥ ವಯಸ್ಕರಲ್ಲಿ ಸಂಬಳದ ಕೆಲಸ ಇರುವುದು ನೂರಕ್ಕೆ ಸುಮಾರು ಐವರಿಗೆ. ಉಳಿದವರ ಹಗಲಿನ ಹೊಣೆ ಮತ್ತೆ ಮನೆಯವರ ಮೇಲೆ, ಎಷ್ಟೋ ಕಡೆ ಎಂಬತ್ತರ ಗಡಿ ದಾಟಿದ ತಾಯಂದಿರ ಮೇಲೆ ಬಿದ್ದಿದೆ.