ಜಾರಿದ ಭುಜದ ಕಥೆ: ಒನಕೆಯಿಂದ ಆರ್ಥ್ರೋಸ್ಕೋಪಿವರೆಗೆ

ಸ್ಕೂಲ್ ಡೇ ದಿನ ಬಾಯಲ್ಲಿ ಚಮಚ ಕಚ್ಚಿಕೊಂಡು, ಅದರ ಮೇಲೆ ಲಿಂಬೆಹಣ್ಣು ಇಟ್ಟುಕೊಂಡು ಓಡುವ ಸ್ಪರ್ಧೆ ಇರ್ತಿತ್ತಲ್ಲ, ನೆನಪಿದೆಯಾ? ನಮ್ಮ ಭುಜದ ಕೀಲು ಇರೋದು ಹೆಚ್ಚುಕಮ್ಮಿ ಹಾಗೆಯೇ. ತೋಳಿನ ಮೂಳೆಯ ತಲೆ ದೊಡ್ಡ ಲಿಂಬೆಹಣ್ಣು, ಹೆಗಲ ಮೂಳೆಯ ಬಟ್ಟಲು ಚಿಕ್ಕ ಚಮಚ. ಸೊಂಟದ ಕೀಲಿನಲ್ಲಿ ಗುಂಡು ಆಳವಾದ ಗುಳಿಯೊಳಗೆ ಭದ್ರವಾಗಿ ಕೂತಿರುತ್ತದೆ. ಭುಜದಲ್ಲಿ ಆ ಭದ್ರತೆ ಇಲ್ಲ. ಕೈಯನ್ನು ಬೇಕಾದ ಕಡೆಗೆಲ್ಲಾ ತಿರುಗಿಸುವ ಸ್ವಾತಂತ್ರ್ಯ ಬೇಕು ಅಂದರೆ ಬೆಲೆ ಕೊಡಲೇಬೇಕು ಅಲ್ವಾ? ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಜಾರುವುದು ಇದೇ, ಅದರಲ್ಲೂ ನೂರಕ್ಕೆ 95ರಷ್ಟು ಸಲ ಮುಂದಕ್ಕೆ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ. ಕಾಲೇಜಿನಲ್ಲಿದ್ದಾಗ ಕಬಡ್ಡಿ ಆಡುವಾಗ ಬಲಭುಜ ಜಾರಿತು. ಒಂದು ವರ್ಷ ಕಳೆದ ಮೇಲೆ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಿದ್ದೆ, ಡ್ರೈವರ್ ಬ್ರೇಕ್ ಹಾಕಿದ, ಮತ್ತೆ ಜಾರಿತು! "ಆಪರೇಷನ್ ಮಾಡಿಸಿಕೊಳ್ತೀರೋ, ವ್ಯಾಯಾಮ ಮಾಡ್ಕೊಂಡು ನೋಡ್ತೀರೋ?" ಅಂತ ಡಾಕ್ಟರು ಕೇಳಿದಾಗ, ಈ ಪ್ರಶ್ನೆಯನ್ನು ನನಗಿಂತ ಮುಂಚೆ ಯಾರ್ಯಾರು ಎದುರಿಸಿದ್ದಾರೆ ಅಂತ ಹುಡುಕುತ್ತಾ ಹೋದೆ. ಹುಡುಕಿದಾಗ ಸಿಕ್ಕ ಕಥೆ ಮೂರು ಸಾವಿರ ವರ್ಷದಷ್ಟು ಉದ್ದ...

ಮೊದಲು ಈಜಿಪ್ಟ್. ರಾಜರ ಗೋರಿಗಳನ್ನು ಕಟ್ಟಿದ ಕುಶಲಕರ್ಮಿಗಳ ಊರು ದೇರ್ ಎಲ್ ಮದೀನಾ. ಅಲ್ಲಿ ಇಪುಯ್ ಎಂಬಾತನ ಗೋರಿ ಇದೆ, ಎರಡನೇ ರಾಮ್ಸೆಸ್ ಕಾಲದ್ದು, ಅಂದರೆ ಕ್ರಿ.ಪೂ. 13ನೇ ಶತಮಾನ. ಅದರ ಗೋಡೆಚಿತ್ರದಲ್ಲಿ ಕೆಲಸದ ಜಾಗದಲ್ಲಿ ನಡೆದ ಅಪಘಾತಗಳನ್ನು ಬರೆದಿದ್ದಾರೆ. ಒಂದು ಕಡೆ ನೆಲದ ಮೇಲೆ ಮಲಗಿದ ಕೆಲಸಗಾರನ ಮಡಚಿದ ಕೈ ಹಿಡಿದು ಇನ್ನೊಬ್ಬ ತಿರುಗಿಸುತ್ತಿದ್ದಾನೆ. 1870ರಲ್ಲಿ ಸ್ವಿಟ್ಜರ್‌ಲೆಂಡಿನ ಥಿಯೋಡೋರ್ ಕೋಖರ್ ಹೊಸದೆಂದು ಪ್ರಕಟಿಸಿದ, ಎಳೆಯದೆ ಬರೀ ತಿರುಗಿಸಿ ಭುಜ ಕೂರಿಸುವ ವಿಧಾನಕ್ಕೂ ಈ ಚಿತ್ರಕ್ಕೂ ಬಹಳ ಹೋಲಿಕೆ ಇದೆ. ಇದೇ ಕೋಖರ್‌ಗೆ 1909ರಲ್ಲಿ ನೊಬೆಲ್ ಬಂತು, ಆದರೆ ಅದು ಥೈರಾಯ್ಡ್ ಕೆಲಸಕ್ಕೆ.

ಇನ್ನು ನಮ್ಮ ಸುಶ್ರುತ ಸಂಹಿತೆ. ಅದರ ಚಿಕಿತ್ಸಾಸ್ಥಾನದ ಮೂರನೇ ಅಧ್ಯಾಯ ಮುರಿದ ಮೂಳೆ, ತಪ್ಪಿದ ಕೀಲುಗಳದ್ದು. ಭುಜ ತಪ್ಪಿದರೆ ಕಂಕುಳನ್ನು ಒನಕೆಯಿಂದ ಮೇಲಕ್ಕೆತ್ತಿ ಕೀಲು ಕೂರಿಸಬೇಕು, ಆಮೇಲೆ ಸ್ವಸ್ತಿಕದ ಆಕಾರದಲ್ಲಿ ಅಡ್ಡಡ್ಡ ಪಟ್ಟಿ ಕಟ್ಟಬೇಕು ಅಂತ ಅಲ್ಲಿದೆ. ಅಡುಗೆಮನೆಯ ಒನಕೆ! ನಗಬೇಡಿ, ಗ್ರೀಸಿನ ಹಿಪೊಕ್ರೆಟಿಸ್ ಹೆಸರಿನಲ್ಲಿರುವ ಕೀಲುಗಳ ಗ್ರಂಥದಲ್ಲೂ ಕುಟ್ಟುವ ಒನಕೆಗೆ ಮೆತ್ತನೆಯ ಬಟ್ಟೆ ಸುತ್ತಿ ಕಂಕುಳಿಗೆ ಕೊಡುವ ವಿಧಾನ ಇದೆ. ಯಾರು ಯಾರಿಂದ ಕಲಿತರು ಅನ್ನೋ ಜಗಳಕ್ಕೆ ನಾನು ಹೋಗುವುದಿಲ್ಲ. ಕೈಗೆ ಸಿಗುವ, ತುದಿ ಗುಂಡಗಿರುವ, ಗಟ್ಟಿ ಮರ ಎಲ್ಲರ ಮನೆಯಲ್ಲೂ ಇತ್ತು, ಅಷ್ಟೇ.

ಸುಶ್ರುತದಲ್ಲಿ ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಇನ್ನೊಂದು ಮಾತು. ಅದು ಭುಜದ್ದಲ್ಲ, ಅಂಗೈ ಮುರಿದವರಿಗೆ ಹೇಳಿದ್ದು. ಗುಣವಾಗುತ್ತಿರುವ ಕೈಯಲ್ಲಿ ಮೊದಲು ಮಣ್ಣಿನ ಮುದ್ದೆ ಹಿಡಿಯಬೇಕು, ಆಮೇಲೆ ಉಪ್ಪಿನ ಗಟ್ಟಿ, ಕೈಗೆ ಬಲ ಬಂದ ಮೇಲೆ ಕಲ್ಲು. ಇದು ಇವತ್ತಿನ ಫಿಸಿಯೋಥೆರಪಿಯ ಮೂಲಪಾಠವೇ ಅಲ್ವಾ? ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು ಅನ್ನೋದನ್ನು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಲೆಕ್ಕಾಚಾರದೊಂದಿಗೆ ಪ್ರಕಟಿಸಿದ್ದು 1945ರಲ್ಲಿ, ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡವರಿಗಾಗಿ.

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. ಜಾರಿದ ಭುಜವನ್ನು ಕೂರಿಸುವುದು ಎಲ್ಲ ಕಾಲದವರಿಗೂ ಗೊತ್ತಿತ್ತು. ಕಷ್ಟ ಇರುವುದು ಅದು ಮತ್ತೆ ಮತ್ತೆ ಜಾರದಂತೆ ತಡೆಯುವುದರಲ್ಲಿ. ಇದನ್ನು ಬೇರೆ ಸಮಸ್ಯೆ ಅಂತ ಗುರುತಿಸಿ ಬರೆದವನು ಹಿಪೊಕ್ರೆಟಿಸ್ (ಕ್ರಿ.ಪೂ. 5ನೇ ಶತಮಾನ). ಪದೇ ಪದೇ ಭುಜ ಜಾರುವ ಕಾರಣಕ್ಕೆ ಎಷ್ಟೋ ಜನ ಕುಸ್ತಿ-ಕಸರತ್ತು ಬಿಡಬೇಕಾಯಿತು, ಯುದ್ಧದಲ್ಲಿ ಕೈಸಾಗದೆ ಸತ್ತೂ ಹೋದರು ಅಂತ ಅವನು ಹೇಳುತ್ತಾನೆ. ಆಗಿನ ವೈದ್ಯರು ಕಾದ ಕಬ್ಬಿಣದಿಂದ ಭುಜಕ್ಕೆ ಬರೆ ಹಾಕುತ್ತಿದ್ದರು. ಸುಟ್ಟ ಜಾಗ ಕಲೆಗಟ್ಟಿ ಬಿಗಿಯಾಗುತ್ತದೆ, ಮೂಳೆ ಹೊರಗೆ ಬರುವುದಿಲ್ಲ ಅನ್ನೋ ತರ್ಕ. ಹಿಪೊಕ್ರೆಟಿಸ್‌ನ ತಕರಾರು ಬರೆಯ ಬಗ್ಗೆ ಅಲ್ಲ, ಬರೆ ಹಾಕುವ ಜಾಗದ ಬಗ್ಗೆ. ಭುಜದ ಮೇಲೆ, ಮುಂದೆ, ಹಿಂದೆ ಎಲ್ಲ ಸುಟ್ಟರೆ ಏನು ಬಂತು? ಮೂಳೆ ಜಾರುತ್ತಿರುವುದು ಕೆಳಕ್ಕೆ, ಕಂಕುಳಿನ ಕಡೆಗೆ. ಬೇರೆ ಕಡೆ ಬಿಗಿ ಮಾಡಿದರೆ ಅದನ್ನು ಇದೇ ದಾರಿಗೆ ತಳ್ಳಿದ ಹಾಗಾಯಿತು ಅನ್ನುತ್ತಾನೆ. ಅವನು ಕಂಕುಳಿನಲ್ಲೇ ಬರೆ ಹಾಕುತ್ತಿದ್ದ, ಅಲ್ಲಿರುವ ದೊಡ್ಡ ರಕ್ತನಾಳ, ನರಗಳಿಗೆ ತಾಗಬಾರದೆಂಬ ಎಚ್ಚರಿಕೆಯೊಂದಿಗೆ. ಆಮೇಲೆ ಬಹಳ ದಿನ ಕೈಯನ್ನು ಪಕ್ಕಕ್ಕೆ ಕಟ್ಟಿ ಇಡಬೇಕು.

ಮದ್ದು ಕ್ರೂರ, ನಿಜ. ಆದರೆ ಪ್ರಶ್ನೆ ನೋಡಿ: "ಮೂಳೆ ಯಾವ ಬಾಗಿಲಿನಿಂದ ಹೊರಗೆ ಹೋಗ್ತಿದೆ? ಆ ಬಾಗಿಲು ಮುಚ್ಚಿ". ಇದೊಂದು ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ.

1846ರಲ್ಲಿ ಈಥರ್ ಅರಿವಳಿಕೆ, 1867ರಲ್ಲಿ ಲಿಸ್ಟರ್‌ನ ಕ್ರಿಮಿನಾಶಕ ವಿಧಾನ, 1895ರಲ್ಲಿ ಎಕ್ಸ್-ರೇ ಬಂದ ಮೇಲೆ ಕೀಲನ್ನು ತೆರೆದು ನೋಡುವ ಧೈರ್ಯ ಬಂತು. ಬಟ್ಟಲಿನ ಸುತ್ತ ಲೇಬ್ರಂ ಎಂಬ ಮೆದುಮೂಳೆಯಂಥ ಅಂಚು ಇರುತ್ತದೆ, ತಟ್ಟೆಗೆ ಅಂಚಿದ್ದ ಹಾಗೆ. ಭುಜ ಮುಂದಕ್ಕೆ ಜಾರುವಾಗ ಮುಂದಿನ ಕೆಳಭಾಗದಲ್ಲಿ ಈ ಅಂಚು ಕಿತ್ತುಬರುತ್ತದೆ ಅಂತ 1890ರಲ್ಲಿ ಫ್ರಾನ್ಸಿನ ಬ್ರೋಕಾ ಮತ್ತು ಹಾರ್ಟ್‌ಮನ್ ಬರೆದರು. 1906ರಲ್ಲಿ ಜರ್ಮನಿಯ ಪೆರ್ತೆಸ್ ಅದನ್ನು ಮೂಳೆಗೆ ಮತ್ತೆ ಕೂಡಿಸಿದ. 1923ರಲ್ಲಿ ಲಂಡನ್ನಿನ ಬ್ಲಂಡೆಲ್ ಬ್ಯಾಂಕಾರ್ಟ್ ನಾಲ್ಕು ರೋಗಿಗಳ ವಿವರ ಕೊಟ್ಟು, ಮೂಲ ದೋಷ ಇದೇ, ಇದನ್ನು ಸರಿಮಾಡದೆ ಬೇರೇನು ಮಾಡಿದರೂ ವ್ಯರ್ಥ ಎಂದು ವಾದಿಸಿದ. 1938ರಲ್ಲಿ 27 ರೋಗಿಗಳೊಂದಿಗೆ ಮತ್ತೆ ಅದೇ ಮಾತು. ಇವತ್ತಿಗೂ ಆ ಗಾಯಕ್ಕೂ ಆ ಶಸ್ತ್ರಚಿಕಿತ್ಸೆಗೂ ಅವನದೇ ಹೆಸರು. ಪೆರ್ತೆಸ್ ಹೆಸರು ಹಿಂದೆ ಬಿತ್ತು. ಇತಿಹಾಸದಲ್ಲಿ ಇದೇನು ಹೊಸದಲ್ಲ ಬಿಡಿ :)

ಅಲ್ಲಿಗೆ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಬ್ಯಾಂಕಾರ್ಟ್ ಶಸ್ತ್ರಚಿಕಿತ್ಸೆ ಮಾಡಲು ಕಷ್ಟ, ಅದಕ್ಕೆ ಸುಲಭದ ದಾರಿಗಳು ಹುಟ್ಟಿಕೊಂಡವು. 1929ರಲ್ಲಿ ನಿಕೋಲಾ ಎಂಬವರು ಬೈಸೆಪ್ಸ್ ಸ್ನಾಯುರಜ್ಜುವನ್ನು ತೋಳಿನ ಮೂಳೆಯೊಳಗಿಂದ ಹಾಯಿಸಿ ಹಗ್ಗದ ಹಾಗೆ ಬಳಸಿದರು. ಬೊಲೋನ್ಯಾದ ಪುಟ್ಟಿ, ಮ್ಯಾಂಚೆಸ್ಟರಿನ ಹ್ಯಾರಿ ಪ್ಲ್ಯಾಟ್ ಇಬ್ಬರೂ ಬೇರೆಬೇರೆಯಾಗಿ ಮಾಡುತ್ತಿದ್ದ ಒಂದು ವಿಧಾನ 1948ರಲ್ಲಿ ಪ್ರಕಟವಾಯಿತು. ಅದರಲ್ಲಿ ಭುಜದ ಮುಂಭಾಗದ ಸ್ನಾಯು ಮತ್ತು ಕೀಲಿನ ಚೀಲವನ್ನು ಒಂದರ ಮೇಲೊಂದು ಮಡಚಿ, ಮೋಟು ಮಾಡಿ ಹೊಲಿಯುತ್ತಿದ್ದರು. ಶರ್ಟು ದೊಗಳೆಯಾದರೆ ದರ್ಜಿ ಮಡಿಕೆ ಹಾಕಿ ಹೊಲಿದ ಹಾಗೆ. ಭುಜ ಜಾರುವುದು ನಿಂತಿತು. ಜೊತೆಗೆ ಕೈಯನ್ನು ಹೊರಕ್ಕೆ ತಿರುಗಿಸುವುದೂ ನಿಂತಿತು! ಅತಿ ಬಿಗಿಯಾಗಿ ಹೊಲಿಸಿಕೊಂಡ ಕೆಲವರಿಗೆ ಹಲವು ವರ್ಷಗಳ ನಂತರ ಕೀಲು ಸವೆದು ಸಂಧಿವಾತ ಬಂದದ್ದು 1990ರ ಹೊತ್ತಿಗೆ ವರದಿಯಾಯಿತು. "ಮತ್ತೆ ಜಾರಲಿಲ್ಲ" ಅನ್ನೋ ಒಂದೇ ಅಳತೆಗೋಲು ಇಟ್ಟುಕೊಂಡರೆ ಹೀಗಾಗುತ್ತದೆ. ಚೆಂಡು ಎಸೆಯುವ, ತಲೆ ಬಾಚಿಕೊಳ್ಳುವ ಕೈ ಬೇಕಲ್ಲ ಸ್ವಾಮಿ?

1954ರಲ್ಲಿ ಲಿಯೋನ್ ಊರಿನ ಮಿಷೆಲ್ ಲಾಟಾರ್ಜೆ ಬೇರೆ ಉಪಾಯ ಮಾಡಿದ. ಹೆಗಲ ಮೂಳೆಗೆ ಮುಂದುಗಡೆ ಕೊಕ್ಕಿನಂಥ ಒಂದು ಚಾಚು ಇದೆ, ಹೆಸರು ಕೊರಕಾಯ್ಡ್. ಅದನ್ನು ಸ್ನಾಯುಗಳ ಸಮೇತ ಕತ್ತರಿಸಿ ಬಟ್ಟಲಿನ ಮುಂದಿನ ಅಂಚಿಗೆ ಸ್ಕ್ರೂ ಹಾಕಿ ಕೂರಿಸಿದ. ಮೂಳೆಯಿಂದ ಬಟ್ಟಲು ದೊಡ್ಡದಾಯಿತು, ಕೈ ಎತ್ತಿದಾಗ ಆ ಸ್ನಾಯುಗಳು ಜೋಳಿಗೆಯಂತೆ ಮುಂದೆ ಅಡ್ಡ ನಿಂತವು. ಫ್ರಾನ್ಸಿನಲ್ಲಿ ಇದು ಬೇರೂರಿತು, ಬೇರೆ ಕಡೆ ಬಹಳ ವರ್ಷ ಅನುಮಾನದಿಂದಲೇ ನೋಡಿದರು.

1980ರ ದಶಕದಲ್ಲಿ ಆರ್ಥ್ರೋಸ್ಕೋಪಿ ಬಂತು. ಪೆನ್ಸಿಲ್ಲಿಗಿಂತ ಸಣ್ಣ ಕ್ಯಾಮೆರಾ ತೂರಿಸಿ, ಎರಡು ಮೂರು ಸಣ್ಣ ತೂತಿನಲ್ಲೇ ಬ್ಯಾಂಕಾರ್ಟ್ ರಿಪೇರಿ. ಮೊದಮೊದಲು ಲೋಹದ ಸ್ಟೇಪಲ್, ಆಮೇಲೆ ಮೂಳೆಯೊಳಗೆ ಕಚ್ಚಿಕೊಳ್ಳುವ, ದಾರ ಪೋಣಿಸಿದ ಆಂಕರ್‌ಗಳು. ನೋವು ಕಡಿಮೆ, ಕಲೆ ಕಡಿಮೆ. ಆದರೆ ಕೆಲವರಿಗೆ ಮತ್ತೆ ಜಾರುತ್ತಿತ್ತು. ಯಾಕೆ? ಉತ್ತರ ಬಂದದ್ದು 2000ದಲ್ಲಿ. ಅಮೆರಿಕದ ಬರ್ಕ್‌ಹಾರ್ಟ್, ದಕ್ಷಿಣ ಆಫ್ರಿಕಾದ ಡಿ ಬೀರ್ ಸೇರಿ 194 ಆರ್ಥ್ರೋಸ್ಕೋಪಿಕ್ ರಿಪೇರಿಗಳನ್ನು ಪರಿಶೀಲಿಸಿದರು. ಮೂಳೆ ಹೆಚ್ಚು ಸವೆಯದಿದ್ದವರಲ್ಲಿ ಮತ್ತೆ ಜಾರಿದ್ದು ಶೇ. 4. ಬಟ್ಟಲಿನ ಅಂಚೋ ತೋಳಿನ ಮೂಳೆಯ ತಲೆಯೋ ಗಣನೀಯವಾಗಿ ಒಡೆದಿದ್ದವರಲ್ಲಿ ಶೇ. 67! ಬಾಗಿಲ ಚೌಕಟ್ಟೇ ಮುರಿದಿರುವಾಗ ಪರದೆ ಹೊಲಿದು ಏನು ಪ್ರಯೋಜನ? ಲಾಟಾರ್ಜೆ ಶಸ್ತ್ರಚಿಕಿತ್ಸೆಗೆ ಜಗತ್ತು ವಾಪಸು ಹೋದದ್ದು ಇದಾದ ಮೇಲೆ. 2007ರಲ್ಲಿ ಲಫೋಸ್ ಅದನ್ನೂ ಆರ್ಥ್ರೋಸ್ಕೋಪಿಯಲ್ಲಿ ಮಾಡುವ ವಿಧಾನ ಪ್ರಕಟಿಸಿದರು.

ಹಾಗಾದರೆ ಎಲ್ಲರಿಗೂ ಆಪರೇಷನ್ ಬೇಕಾ? ಇಲ್ಲ. ಸ್ವೀಡನ್ನಿನ ಹೊವೆಲಿಯಸ್ ಮತ್ತು ಜೊತೆಯವರು 1978-79ರಲ್ಲಿ ಮೊದಲ ಸಲ ಭುಜ ಜಾರಿದ, 12ರಿಂದ 40 ವರ್ಷದವರನ್ನು 25 ವರ್ಷ ಬೆನ್ನುಹತ್ತಿ ನೋಡಿದರು. ಅವರಿಗೆ ಕಂಡದ್ದು ಇಷ್ಟು: ಮೂರು ನಾಲ್ಕು ವಾರ ಕೈ ಕಟ್ಟಿ ಇಟ್ಟರೂ, ಬೇಗ ಬಿಚ್ಚಿದರೂ ಮತ್ತೆ ಜಾರುವ ಸಾಧ್ಯತೆ ಬದಲಾಗಲಿಲ್ಲ. ಬದಲಿಸಿದ್ದು ವಯಸ್ಸು. ಚಿಕ್ಕ ವಯಸ್ಸಿನವರಿಗೆ ಅಪಾಯ ಹೆಚ್ಚು, ವಯಸ್ಸಾದಂತೆ ಕಡಿಮೆ. 1999ರಲ್ಲಿ ಕೆನಡಾದ ಕರ್ಕ್ಲಿ 30ರ ಒಳಗಿನ 40 ಜನರಲ್ಲಿ ಹೋಲಿಸಿ ನೋಡಿದಾಗ, ಬರೀ ವ್ಯಾಯಾಮ ಮಾಡಿದವರಲ್ಲಿ ಶೇ. 47, ಕೂಡಲೇ ಆರ್ಥ್ರೋಸ್ಕೋಪಿ ಮಾಡಿಸಿಕೊಂಡವರಲ್ಲಿ ಶೇ. 16ರಷ್ಟು ಜನರಿಗೆ ಮತ್ತೆ ಜಾರಿತ್ತು. ತಿರುಗಿಸಿ ಓದಿದರೆ, ಆಪರೇಷನ್ ಇಲ್ಲದೆಯೂ ಅರ್ಧಕ್ಕಿಂತ ಹೆಚ್ಚು ಜನ ಅಷ್ಟು ಕಾಲ ಚೆನ್ನಾಗಿಯೇ ಇದ್ದರು.

ವ್ಯಾಯಾಮದ ಕಡೆಯೂ ಒಂದು ಮುಖ್ಯ ಮಾಹಿತಿ ಇದೆ. 1992ರಲ್ಲಿ ಬರ್ಕ್‌ಹೆಡ್ ಮತ್ತು ರಾಕ್‌ವುಡ್, ಭುಜ ಅರೆಜಾರುವವರಿಗೆ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿಸಿದರು. ಪೆಟ್ಟು ಬೀಳದೆ, ಹುಟ್ಟಿನಿಂದಲೇ ಸಡಿಲ ಕೀಲಿದ್ದವರಂಥವರಲ್ಲಿ ಶೇ. 80ರಷ್ಟು ಭುಜಗಳು ಸುಧಾರಿಸಿದವು. ಪೆಟ್ಟು ಬಿದ್ದು ಶುರುವಾದವರಲ್ಲಿ ಬರೀ ಶೇ. 16. ಸಡಿಲವಾದದ್ದನ್ನು ಸ್ನಾಯು ಹಿಡಿದಿಟ್ಟೀತು, ಕಿತ್ತುಬಂದದ್ದನ್ನು ಅಂಟಿಸಲಾರದು.

ಆಪರೇಷನ್ ಆದ ಮೇಲೂ ವ್ಯಾಯಾಮ ತಪ್ಪಿದ್ದಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿ. ಆಗಲೂ ಬೆರಳು, ಮೊಣಕೈ ಆಡಿಸುತ್ತಿರಬೇಕು, ಬಾಗಿ ನಿಂತು ಕೈಯನ್ನು ಗಡಿಯಾರದ ಲೋಲಕದಂತೆ ತೂಗಬೇಕು. ಬಾಗಿ ಕೈ ತೂಗುವ ಈ ಉಪಾಯ ಬಾಸ್ಟನ್ನಿನ ಕಾಡ್ಮನ್ 1934ರಲ್ಲಿ ಭುಜದ ಬಗ್ಗೆಯೇ ಬರೆದ ಪುಸ್ತಕದಿಂದ ಹೆಸರಾಯಿತು. ಕೈ ಹೊರಕ್ಕೆ ತಿರುಗಿಸುವುದನ್ನು ನಿಧಾನವಾಗಿ ಹೆಚ್ಚಿಸುತ್ತಾರೆ, ಮೂರು ತಿಂಗಳ ಹೊತ್ತಿಗೆ ರಬ್ಬರ್ ಪಟ್ಟಿ, ತೂಕ. ಮೈಗೆ ಮೈ ತಾಗುವ ಆಟಕ್ಕೆ ಐದಾರು ತಿಂಗಳಾದರೂ ಬೇಕು. ಮಣ್ಣಿನ ಮುದ್ದೆ, ಉಪ್ಪು, ಕಲ್ಲು... ಕ್ರಮ ಅದೇ.

ನಮ್ಮೂರುಗಳಲ್ಲಿ ಭುಜ ಜಾರಿದರೆ ಇವತ್ತಿಗೂ ಮೊದಲು ಹೋಗುವುದು ನಾಟಿ ಕಟ್ಟು ಕಟ್ಟುವವರ ಹತ್ತಿರ, ಬೆಂಗಳೂರಿನಲ್ಲೂ "ಪುತ್ತೂರು ಕಟ್ಟು" ಅಂತ ಬೋರ್ಡು ಕಾಣುತ್ತದೆ. ಅವರ ಅನುಭವದ ಬಗ್ಗೆ ನನಗೆ ಗೌರವ ಇದೆ. ಆದರೆ ಜಾರಿದ ಜೊತೆಗೆ ಮೂಳೆಯೂ ಮುರಿದಿದ್ದರೆ ಎಳೆತದಿಂದ ಅನಾಹುತವಾದೀತು, ಅದು ತಿಳಿಯಲು ಎಕ್ಸ್-ರೇ ಬೇಕು. ಭುಜದ ಹೊರಮೈ ಮರಗಟ್ಟಿದ್ದರೆ ನರಕ್ಕೆ ಪೆಟ್ಟಾಗಿರಬಹುದು, ಅದನ್ನೂ ಮೊದಲೇ ನೋಡಬೇಕು. ನಲವತ್ತು ದಾಟಿದವರಲ್ಲಿ ಮತ್ತೆ ಜಾರುವುದಕ್ಕಿಂತ ಸ್ನಾಯುರಜ್ಜು ಹರಿದಿರುವ ಭಯವೇ ಹೆಚ್ಚು, ವಾರಗಳು ಕಳೆದರೂ ಕೈ ಎತ್ತಲಾಗದಿದ್ದರೆ ಸುಮ್ಮನಿರಬೇಡಿ.

ನಿಮ್ಮ ಮನೆಯ ಹುಡುಗನಿಗೋ ಹುಡುಗಿಗೋ ಭುಜ ಮತ್ತೆ ಮತ್ತೆ ಜಾರುತ್ತಿದ್ದರೆ, ಆಪರೇಷನ್ ಹೆಸರು ಕೇಳುವ ಮುಂಚೆ ಡಾಕ್ಟರ ಹತ್ತಿರ ಎರಡು ಪ್ರಶ್ನೆ ಕೇಳಿ. ಅಂಚು ಮಾತ್ರ ಕಿತ್ತಿದೆಯೋ, ಮೂಳೆಯೂ ಸವೆದಿದೆಯೋ? ಆಪರೇಷನ್ ಆದ ಮೇಲೆ ಕೈ ಎಷ್ಟು ತಿರುಗುತ್ತದೆ? ಮೊದಲನೆಯದು ಹಿಪೊಕ್ರೆಟಿಸ್ ಕೇಳಿದ ಬಾಗಿಲಿನ ಪ್ರಶ್ನೆಯೇ. ಎರಡನೆಯದನ್ನು ಜನ ಕೇಳಲು ಕಲಿತದ್ದು, ಬಿಗಿಯಾಗಿ ಹೊಲಿಸಿಕೊಂಡು ಕೈ ತಿರುಗಿಸಲಾಗದೆ ಉಳಿದವರನ್ನು ನೋಡಿದ ಮೇಲೆ.