ಇಳಕಲ್ಲ ಪ್ಯಾಟ್ಯಾಗ ಸೆರಗು ತಿರುವಿ ನೋಡಿದ್ದು

ಹ್ವಾದ ತಿಂಗಳ ಮಗಳ ಕುಬಸಕ್ಕ ಹಸರ ಸೀರಿ ತರೂಣಂತ ನಾನೂ ನಮ್ಮ ವೈನಿನೂ ಇಳಕಲ್ಲಿಗೆ ಹೋಗಿದ್ವಿ. ಮದ್ಲನೇ ಅಂಗಡ್ಯಾಗ ತೋರಿಸಿದ ಸೀರಿ ಛಂದಿತ್ತು, ರೊಕ್ಕನೂ ಕಡಿಮಿ. "ಇದನ್ನ ತಗೊಂಬಿಡ್ರಿ" ಅಂದ್ರು ವೈನಿ. ನಾ ಮಾತ್ರ ಸೆರಗು ತಿರುವಿ ನೋಡಿದೆ. ಅದು ನಮ್ಮವ್ವ ಕಲಿಸಿದ್ದು. "ಸೀರಿ ಮೈ ನೋಡಬ್ಯಾಡ, ಸೆರಗು ಕೂಡಿದ್ದಲ್ಲೆ ನೋಡು" ಅಂತಿದ್ಲು.

ಯಾಕಂದ್ರ ಇಳಕಲ್ಲ ಸೀರಿ ಮೈಯಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಕುಣಿಮಗ್ಗದ ಮ್ಯಾಲೆ ಎರಡೂ ಎಳಿಗೆ ಎಳಿ ಕೊಂಡಿ ಹಾಕಿ ಕೂಡಸತಾರ. ಒಂದೊಂದು ಸೀರಿಗೂ ಇದು ಹೊಸದಾಗೇ ಆಗಬೇಕು. ಅದಕ್ಕ ಸೆರಗು ಅಷ್ಟು ಅಪ್ಪಟ ಕೆಂಪು. ನಡುವ ಬಿಳಿ ತೋಪತೆನಿ, ಥೇಟ್ ನಮ್ಮ ಹೊಲದ ಜ್ವಾಳದ ತೆನಿ. ಗಂಡಸರು ನೇಯೂದಷ್ಟ ಕಾಣತೈತಿ. ಕಂಡಿಕಿ ಸುತ್ತೂದು, ಹಾಸು ಕೂಡಸೂದು ಹೆಣ್ಣಮಕ್ಕಳದೂ ಕೆಲಸ.

ಆ ಅಂಗಡಿ ಸೀರ್ಯಾಗ ಕೊಂಡಿನ ಇರಲಿಲ್ಲ. ಮೈಯಿನ ಹಸರ ಎಳಿ ಸೆರಗಿನಾಗೂ ಹಾಯ್ದಿತ್ತು, ಕೆಂಪು ಮಬ್ಬಾಗಿತ್ತು. ಮಷೀನ್ ಮಗ್ಗದ್ದು. ಕೈಮಗ್ಗಕ್ಕಂತ ಕೆಲವು ಬಟ್ಟಿ ಮೀಸಲಿಡೋ ಕಾಯ್ದೆ 1985ರಾಗ ಬಂದೈತಿ, ಇಳಕಲ್ಲ ಸೀರಿಗೆ ಜಿಐ ಗುರುತೂ ಸಿಕ್ಕೈತಿ. ಆದ್ರ ಕೊಳ್ಳೋರಿಗೆ ಗುರುತಿಲ್ಲಂದ್ರ ಕಾಗದ ಏನ್ ಮಾಡೀತು?

1956ರ ತನಕ ಈ ಕಡೆ ಊರೆಲ್ಲ ಮುಂಬೈ ರಾಜ್ಯದಾಗಿದ್ವು. ಆಚಿ ಕಡೆ ಮರಾಠಿ ಹೆಣ್ಣಮಕ್ಕಳೂ ಇದನ್ನ ಇರಕಲ್ ಅಂತ ಕರದು ಕಚ್ಚಿ ಹಾಕಿ ಉಟ್ಟರು. ಗಡಿ ಹೊಂಟ್ಹೋತು, ಸೀರಿ ಉಳೀತು. ರೇಷ್ಮಿ ತುಟ್ಟಿ ಆದಾಗ ದಡಿಗೆ ರೇಯಾನ್ ಬಂತು. ಚಿಕ್ಕಿ, ಗೋಮಿ, ಗಾಡಿ ದಡಿ ಮಾತ್ರ ಬಿಡಲಿಲ್ಲ.

ಒಬ್ಬ ನೇಕಾರಣ್ಣನ ಮನಿಗೇ ಹೋದ್ವಿ. ರೊಕ್ಕ ಹೆಚ್ಚಾತು, ವೈನಿ ಮಾರಿ ಸಣ್ಣದಾತು. ಆ ಮನಿ ಅಕ್ಕ ಸೆರಗು ತಿರುವಿ, ಕೊಂಡಿ ಮ್ಯಾಲೆ ವೈನಿ ಬಳ್ಳು ಇಡಿಸಿ, "ಇದನ್ನ ನಾನ ಕೂಡಿಸೀನ್ರಿ, ಬೆವಾ" ಅಂದ್ಲು. ವೈನಿನ ರೊಕ್ಕ ಎಣಿಸಿ ಕೊಟ್ರು! ಕುಬಸಕ್ಕ ಗುಳೇದಗುಡ್ಡದ ಖಣ ಮದ್ಲ ತಂದಿಟ್ಟಿದ್ದೆ.

ಮನಿಗೆ ಬಂದು ಅವ್ವನ ಹಳೇ ಸೀರಿ ತಗದೆ, ಕೂಸಿಗೆ ಕೌದಿ ಹೊಲೀಬೇಕಂತ. ಮೈಯೆಲ್ಲ ಜಾಳಾಗಿ ಹರದೈತಿ, ಕೊಂಡಿ ಒಂದೂ ಬಿಚ್ಚಿಲ್ಲ. ಅಷ್ಟು ಭಾಗ ಕತ್ತರಿಸದ ಕೌದಿ ನಡುವ ಇಟ್ಟೀನಿ. ನಿಮ್ಮ ಟ್ರಂಕಿನಾಗೂ ಇಂಥಾದ್ದು ಇದ್ರ, ಕತ್ತರಿ ಹಾಕೂಕಿಂತ ಮದ್ಲ ಸೆರಗು ತಿರುವಿ ನೋಡ್ರೆವಾ.