ಸೂಲಗಿತ್ತಿಯನ್ನು ಕರೆಯೋಕೆ ಇಲ್ಲದ ನಾಚಿಕೆ ಈಗ್ಯಾಕೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಾಯಿ ಕಿತ್ತ ಮೇಲೆ ತಿಂಗಳುಗಟ್ಟಲೆ ಅಟ್ಟದಲ್ಲಿ ಬಿಡ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟಾಗ ಅಲ್ಲಾಡಿಸಿದರೆ ಗಡಗಡ ಸದ್ದು. ಆ ಸದ್ದು ಕೇಳಿಯೇ ಉಂಡೆ ಕೊಬ್ಬರಿ ಆಯ್ತು ಅಂತ ಹೇಳೋ ಜನ ಇಲ್ಲಿಯವರು. ಆದರೆ ಅದೇ ಮನೆಯಲ್ಲಿ ಅಮ್ಮ ಒಳಗೊಳಗೇ ಸೊರಗಿದ್ದು ಮಾತ್ರ ಯಾರಿಗೂ ಗೊತ್ತಾಗಲ್ಲ.

ಇತಿಹಾಸ ನೋಡಿ. 19ನೇ ಶತಮಾನದ ಕೊನೆಗೆ ಈ ಕಡೆ ರೈಲು ಬಂತು. ಮೊದಲು ಕೊಬ್ಬರಿ ಹೋಯ್ತು, ಆಮೇಲೆ ಓದಿದ ಮಕ್ಕಳು ಹೋದರು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿದ ನನ್ನಂಥವರ ಕಥೆಯೂ ಅದೇ. ಅದಕ್ಕೂ ಮುಂಚೆ ಮುಪ್ಪಿನ ಆರೈಕೆ ಅಂದರೆ ತುಂಬಿದ ಮನೆ. ನಿಜ ಹೇಳಬೇಕಂದ್ರೆ, ಮನೆಯ ಸೊಸೆ. ಅವಳಿಗೆ ರಜಾ ಇರಲಿಲ್ಲ, ತರಬೇತಿಯೂ ಇರಲಿಲ್ಲ.

ಆದರೆ ಅದೇ ಜನ ಹೆರಿಗೆಗೆ ಪಳಗಿದ ಕೈಯನ್ನೇ ಕರೀತಿದ್ರು. ಇದೇ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರನ್ನು ಕರೆಸಿದ ಮನೆಯವರನ್ನು 'ಮಗಳನ್ನ ಕೈಬಿಟ್ಟರು' ಅಂತ ಯಾರಾದರೂ ಅಂದ್ರಾ? ಇಲ್ಲ. ಮುಪ್ಪಿಗೆ ನರ್ಸ್ ಇಟ್ಟರೆ ಮಾತ್ರ ಊರು ಆಡಿಕೊಳ್ಳುತ್ತೆ.

2007ರಲ್ಲಿ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಕಾಯ್ದೆ ಬಂತು. ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸಿ ಅಂತ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಬಹುದು. 2010-11ರಲ್ಲಿ ಹಿರಿಯರ ಆರೋಗ್ಯಕ್ಕೆ ಅಂತಲೇ ಕೇಂದ್ರ ಸರ್ಕಾರದ ಕಾರ್ಯಕ್ರಮ ಶುರುವಾಯ್ತು. ಒಳ್ಳೆಯದೇ. ಆದರೆ ಅಮ್ಮನಿಗೆ ಯಾವಾಗ ಇನ್ನೊಂದು ಕೈ ಬೇಕು ಅಂತ ಗುರುತಿಸಬೇಕಾದವರು ಅಧಿಕಾರಿಗಳಲ್ಲ, ನಾವು.

ಗುರುತುಗಳು ಕಣ್ಣೆದುರೇ ಇರ್ತವೆ. ಬಿಪಿ ಮಾತ್ರೆ ಒಂದಿನ ಮರೆಯೋದು, ಇನ್ನೊಂದಿನ ಎರಡು ಸಲ ನುಂಗೋದು. ಒಲೆ ಮೇಲೆ ಪದೇ ಪದೇ ಸೀದ ಪಾತ್ರೆ. ಬಚ್ಚಲಲ್ಲಿ ಬಿದ್ದು ಮುಚ್ಚಿಟ್ಟ ಗಾಯ. ನಲವತ್ತು ವರ್ಷ ಓಡಾಡಿದ ತೋಟದ ದಾರಿ ತಪ್ಪೋದು. ನೋಡಿಕೊಳ್ತಿರೋ ಅಪ್ಪನೋ ಅಕ್ಕನೋ ನಿದ್ದೆಗೆಟ್ಟು ಸೋತಿದ್ದರೆ ಅದೂ ಗುರುತೇ. 'ವಯಸ್ಸಾಯ್ತಲ್ಲ' ಅಂತ ತಳ್ಳಿಹಾಕಬೇಡಿ. ಒಂದು ಕಂಡರೂ ವೈದ್ಯರಿಗೆ ತೋರಿಸಿ. ಎರಡು ಮೂರು ಸೇರಿದರೆ ತರಬೇತಿ ಪಡೆದವರ ನೆರವು ಹುಡುಕಿ. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ಫೋನಲ್ಲಿ ಅಮ್ಮ 'ಚೆನ್ನಾಗಿದೀನಿ ಕಣಪ್ಪ' ಅಂತಲೇ ಅಂತಾರೆ. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಕೊಬ್ಬರಿ ರೇಟು ಆಮೇಲೆ ಕೇಳಿ. ಮೊದಲು ಆ ಮಾತ್ರೆ ಡಬ್ಬಿ ತೆಗೆದು ನೋಡಿ.